ಸಿಸ್ಟರ್ ಕೇಳಿದ ಹದಿನಾಲ್ಕು ಪ್ರಶ್ನೆ

ಸಿಸ್ಟರ್ ಅವರ ಬಲಗೈ ಹೆಬ್ಬೆರಳ ತುದಿ ಸುಟ್ಟು ಸುಟ್ಟು ಗಟ್ಟಿಯಾಗಿತ್ತು. ಸ್ಪಿರಿಟ್ ದೀಪದ ಮೇಲೆ ಗಾಜಿನ ನಳಿಕೆ ಹಿಡಿದು ವರ್ಷಗಟ್ಟಲೆ ಮುದುಕರ ಮೂತ್ರ ಕಾಯಿಸಿದ ಗುರುತು ಅದು. ಮೂತ್ರ ಬೆರೆಸಿದ ನೀಲಿ ದ್ರಾವಣ ಹಸಿರಾದರೆ ಸಕ್ಕರೆ ಸ್ವಲ್ಪ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಬಹಳ. ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

ಎಪ್ಪತ್ತರ ದಶಕದ ಕೊನೆ. ಇಳಕಲ್ಲಿನ ಸಣ್ಣ ದವಾಖಾನೆಯೊಂದರಲ್ಲಿ ವಯಸ್ಸಾದವರ ವಾರ್ಡಿಗೆ ಅವರು ಹಿರಿಯ ಸಿಸ್ಟರ್, ನಾನು ಹೊಸ ನರ್ಸು. ಅವರದು ಮಾತು ಕಡಿಮೆ. ಚಹಾ ಬಸಿಗೆ ಸುರಿದು ನಿಂತೇ ಕುಡಿಯುವರು. ಸಕ್ಕರೆ ಕಾಯಿಲೆಯವರ ಕಾಲ್ಬೆರಳ ಸಂದುಗಳನ್ನು ದಿನವೂ ತಾವೇ ಬಿಡಿಸಿ ನೋಡುವರು. "ಗಾಯ ಆದದ್ದು ಇವರಿಗೆ ತಿಳಿಯಂಗಿಲ್ಲ. ನಮಗರ ತಿಳೀಬೇಕು" ಎನ್ನುವರು.

ಒಂದು ಸೋಮವಾರ ಬೆಳಿಗ್ಗೆ, ನೇಕಾರರ ಮನೆಯ ಅಜ್ಜಿಯೊಬ್ಬರಿಗೆ ನಾನು ಇನ್ಸುಲಿನ್ ಸೂಜಿ ಕೊಟ್ಟೆ. ಅವರಿಗೆ ಅಂದು ಒಪ್ಪತ್ತು, ಬೆಳಿಗ್ಗೆ ಏನೂ ತಿಂದಿರಲಿಲ್ಲ. ಮಗ ತಂದಿದ್ದ ರೊಟ್ಟಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ನಾನು ಕೇಳಲಿಲ್ಲ. ಆಮೇಲೆ ಏನೇನೋ ಬಡಬಡಿಸಿದರು. ವಯಸ್ಸಾಯಿತು, ಅಂದುಕೊಂಡೆ. ಕುತ್ತಿಗೆಯಲ್ಲಿ ಬೆವರು ಇಳಿಯಿತು. ಬೇಸಿಗೆ, ಅಂದುಕೊಂಡೆ. ನಿದ್ದೆ ಹತ್ತಿತೆಂದು ಸೆರಗು ಸರಿಮಾಡಿ ಮುಂದಿನ ಮಂಚಕ್ಕೆ ಹೋದೆ.

ಸಿಸ್ಟರ್ ಬಂದು ಮುಟ್ಟಿದಾಗ ಮೈ ತಣ್ಣಗಿತ್ತು. ಡಾಕ್ಟರರನ್ನು ಕೂಗಿದರು, ಗ್ಲೂಕೋಸ್ ಹಚ್ಚಿದರು. ಅಜ್ಜಿ ಕಣ್ಣು ತೆರೆಯಲೇ ಇಲ್ಲ. ಮಧ್ಯಾಹ್ನ ಹೋಗಿಬಿಟ್ಟರು.

ಸಿಸ್ಟರ್ ಮಗನನ್ನು ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು: "ಸೂಜಿ ಕೊಡೂ ಮುಂಚೆ ಊಟ ಆಗೇತೋ ಇಲ್ಲೋ ನಾವು ಕೇಳಲಿಲ್ಲಪಾ. ಖಾಲಿ ಹೊಟ್ಟಿಗೆ ಸೂಜಿ ಬಿದ್ದು ಸಕ್ರಿ ಪೂರಾ ಇಳೀತು. ತಪ್ಪು ನಮ್ದು."

ನಾವು ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಗೋಡೆಗೆ ಒರಗಿ ನಿಂತಿದ್ದೆ. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಸಂಜೆ ಸಿರಿಂಜುಗಳನ್ನು ಕುದಿಯಲು ಇಟ್ಟು, ನೀರಿನ ಗುಳ್ಳೆ ನೋಡುತ್ತ ಕೂತೆ.

ವಾರದ ಮೇಲೆ ನಮ್ಮನ್ನು, ಐದು ಜನ ನರ್ಸುಗಳನ್ನು, ಬೆಂಚಿನ ಮೇಲೆ ಕೂರಿಸಿ ಹಳೆಯ ಜ್ವರದ ಚಾರ್ಟುಗಳ ಹಿಂಬದಿಯಲ್ಲಿ ಬರೆಯಲು ಹೇಳಿದರು. ಸಕ್ಕರೆ ಕಾಯಿಲೆಯ ಬಗ್ಗೆ ಹದಿನಾಲ್ಕು ಪ್ರಶ್ನೆ. ಸಕ್ಕರೆ ಇಳಿದರೆ ಹೇಗೆ ತಿಳಿಯುತ್ತದೆ ಎಂಬುದೂ ಅದರಲ್ಲಿತ್ತು. ಆ ಅಜ್ಜಿಯ ಬೆವರನ್ನು ಕಣ್ಣಾರೆ ಕಂಡಿದ್ದ ನಾನು ಆ ಸಾಲನ್ನು ಖಾಲಿ ಬಿಟ್ಟೆ.

ಅರ್ಧಕ್ಕಿಂತ ಹೆಚ್ಚು ಸರಿ ಯಾರದೂ ಇರಲಿಲ್ಲ. ಸಿಸ್ಟರ್ ಹಾಳೆಗಳನ್ನು ಎರಡೆರಡು ಸಲ ಓದಿದರು.

"ನಿಮಗ ಏನು ಗೊತ್ತೈತಿ ಅಂತ ಕೇಳದನ ನಾ ನಿಮ್ಮ ಕೈಯಾಗ ಸೂಜಿ ಕೊಟ್ಟೆ" ಎಂದರು. "ನಾಳಿಂದ ಮಧ್ಯಾಹ್ನ ದಿನಾ ಒಂದೊಂದ ಪ್ರಶ್ನಿ ಕಲಿಯೂಣು."

ಕಲಿಸಿದರು. ತಿಂಗಳುಗಳು ಕಳೆದ ಮೇಲೆ ಮತ್ತೆ ಅವೇ ಪ್ರಶ್ನೆ ಕೇಳಿದರು, ಮತ್ತೆ ಕಲಿಸಿದರು. ಕೊನೆಗೆ ನಾನು ಹದಿನಾಲ್ಕೂ ಸರಿ ಬರೆದ ದಿನ "ಹೂಂ" ಎಂದು ಹಾಳೆ ಮಡಚಿಟ್ಟರು. ಆ ಸೋಮವಾರದ ಮಾತನ್ನು ಮಾತ್ರ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಿವೃತ್ತರಾಗಿ ಅವರು ಗುಡೂರಿನ ತಮ್ಮನ ಮನೆ ಸೇರಿದರು. ಎಂಬತ್ತರ ದಶಕದ ನಡುವೆ, ನಾನು ಬಾದಾಮಿಯಲ್ಲಿದ್ದಾಗ, ಸಿಸ್ಟರ್ ತೀರಿಕೊಂಡ ಸುದ್ದಿ ಬಂತು. ಕೈಯಲ್ಲಿದ್ದ ಕೆಲಸ ಮುಗಿಸಿ ಬಸ್ಸು ಹತ್ತಿದೆ. ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು.

ತಮ್ಮನ ಹೆಂಡತಿ ನೀರು ಕೊಟ್ಟು ಎದುರಿಗೆ ಕೂತರು. "ಇಳಕಲ್ಲ ದವಾಖಾನ್ಯಾಗ ಒಬ್ಬಾಕಿ ಮುದುಕಿ ಸತ್ತಿದ್ಲಂತಲ್ರಿ. ಕಡೀತನಕ ಅದನ್ನ ನೆನಸ್ತಿದ್ರು. ಯಾರ ತಪ್ಪ್ರಿ ಅಂದ್ರ ಒಮ್ಮೆಯೂ ಬಾಯಿ ಬಿಡಲಿಲ್ಲ ನೋಡ್ರಿ."

ನೀರಿನ ತಂಬಿಗೆಯನ್ನು ಕೆಳಗಿಟ್ಟೆ.

"ನಂದ್ರಿ" ಎಂದೆ.