ಅತ್ತೆ ದಾಟಿಸಿದ ಲ್ಯಾಟಿನ್

ಮದುವೆಯಾಗಿ ಜೇವರ್ಗಿಗೆ ಬಂದ ಎರಡನೇ ವರ್ಷಕ್ಕೇ ನನ್ನ ಗಂಡ ವಿಷಮಜ್ವರದಲ್ಲಿ ತೀರಿಕೊಂಡರು. ಆಗಿನ್ನೂ ನಿಜಾಮರ ಕಾಲ. ತವರಿಗೆ ಕರೆದೊಯ್ಯಲು ಅಫಜಲಪುರದಿಂದ ಅಣ್ಣ ಗಾಡಿ ಕಟ್ಟಿಕೊಂಡು ಬಂದಾಗ ಮಾವ ಒಪ್ಪಲಿಲ್ಲ. ಅವರು ಊರಿನ ದವಾಖಾನೆಯಲ್ಲಿ ಕಂಪೌಂಡರು.

"ಅಣ್ಣನ ಮನ್ಯಾಗ ಮುಸುರಿ ತಿಕ್ಕೂದು ಬ್ಯಾಡ. ಕಲಬುರ್ಗಿ ದೊಡ್ಡ ದವಾಖಾನ್ಯಾಗ ನರ್ಸ್ ಕೆಲಸ ಕಲಿಸ್ತಾರ. ಅಕಿ ಕಲೀಲಿ" ಎಂದರು.

ಅಲ್ಲಿ ಸೇರಬೇಕಾದರೆ ಡಾಕ್ಟರಮ್ಮನ ಎದುರು ನಿಂತು, ಅವರು ಕೇಳುವ ವೈದ್ಯಕೀಯದ ಇಂಗ್ಲಿಷ್ ಪದಗಳಿಗೆ ಅರ್ಥ ಹೇಳಬೇಕಿತ್ತು. ಅಣ್ಣನ ಪುಸ್ತಕಗಳಿಂದ ನಾನು ಇಂಗ್ಲಿಷ್ ಓದಲು ಕಲಿತಿದ್ದೆ, ಆದರೆ ಅರ್ಥವಾಗುತ್ತಿದ್ದುದು ಅಷ್ಟಕ್ಕಷ್ಟೇ. ಉತ್ತರ ಹೇಳದಿದ್ದರೆ ಮತ್ತೆ ಅಣ್ಣನ ಗಾಡಿಯೇ ಗತಿ.

ಕಲಿಸುವವರು ಮಾವನೇ. ನಮ್ಮಲ್ಲಿ ಸೊಸೆಯಾದವಳು ಮಾವನೊಡನೆ ಮಾತಾಡುವಂತಿರಲಿಲ್ಲ, ಅವರ ಕಿವಿಗೆ ಬೀಳುವಂತೆ ದನಿ ಎತ್ತುವಂತೆಯೂ ಇರಲಿಲ್ಲ. ಹಾಗಾಗಿ ಅವರು ಪಡಸಾಲೆಯಲ್ಲಿ ಬೆನ್ನು ತಿರುಗಿಸಿ ಕೂರುತ್ತಿದ್ದರು, ನಾನು ಒಳಗೆ ಬಾಗಿಲ ಮರೆಯಲ್ಲಿ. ನಡುವೆ ಹೊಸ್ತಿಲ ಬಳಿ ಅತ್ತೆ, ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತ.

"ಉದ್ದನ್ನ ಪದಕ್ಕ ಅಂಜಬ್ಯಾಡ ಅಂತ ಹೇಳು ಅಕಿಗಿ. ಅದೂ ನಿನ್ನ ಕೌದಿ ಇದ್ದಂಗ. ಹಳೀ ಗ್ರೀಕ್ ತುಂಡು, ಹಳೀ ಲ್ಯಾಟಿನ್ ತುಂಡು. ಹೊಲಿಗಿ ಬಿಚ್ಚಿದ್ರ ಅರ್ಥ ಸಿಗ್ತದ. ಹೈಡ್ರೊ ಅಂದ್ರ ಏನಂತ ಕೇಳು" ಎನ್ನುತ್ತಿದ್ದರು ಮಾವ.

"ಹೈಡ್ರೊ ಅಂದ್ರ ಏನವ್ವ?"

ನಾನು ಅತ್ತೆಯ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದೆ, ಅತ್ತೆ ಅದನ್ನು ಮಾವನಿಗೆ ದಾಟಿಸುತ್ತಿದ್ದರು.

"ನೀರಂತ್ರಿ."

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಸೂಜಿಗೆ ದಾರ ಏರುವ ತನಕ ಅತ್ತೆ ಯಾವ ಪ್ರಶ್ನೆಯನ್ನೂ ದಾಟಿಸುತ್ತಿರಲಿಲ್ಲ. ಬರಬರುತ್ತ, ಅಕ್ಷರ ಬಾರದ ಅವರೇ ನನ್ನನ್ನು ಬಿಟ್ಟು ಉತ್ತರ ಕೊಡತೊಡಗಿದರು.

"ಆರ್ಥ್ರೊ ಅಂದ್ರ ಕೀಲು, ಐಟಿಸ್ ಅಂದ್ರ ಬಾವು. ನನ್ನ ಮೊಣಕಾಲಿಗೇ ಅದ ಅದು, ಅಕಿಗೇನ್ ಕೇಳ್ತೀರಿ?"

ಮಗ ಹೋದ ಮೇಲೆ ಮಾವ ಮೊದಲ ಸಲ ನಕ್ಕಿದ್ದು ಅಂದು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ, ಆಮೇಲೆ ಅತ್ತೆ.

ಪದಗಳೇನೋ ಬಂದವು, ದನಿ ಬರಲಿಲ್ಲ. ಮುಂದೆ ನರ್ಸಾಗಿ ವಾರ್ಡಿನ ಆ ತುದಿಗೂ ಕೇಳುವಂತೆ ಗದರುತ್ತಿದ್ದ ನಾನೇ ಆಗ ಪಿಸುಮಾತು ಬಿಟ್ಟು ಬೇರೆ ಅರಿತಿರಲಿಲ್ಲ. ಡಾಕ್ಟರಮ್ಮನ ಎದುರು ಏನು ಮಾಡಲಿ ಎಂದು ಭಯವಾಗುತ್ತಿತ್ತು.

ಹೊರಡುವ ಹಿಂದಿನ ದಿನ ಮಾವ ಒಂದು ಹೊಸ ಪದ ಕೇಳಿದರು, ಪೆರಿಕಾರ್ಡೈಟಿಸ್. ಅದನ್ನು ಅವರು ಕಲಿಸಿರಲಿಲ್ಲ, ಅದರ ತುಂಡುಗಳನ್ನಷ್ಟೇ ಕಲಿಸಿದ್ದರು. ನಾನು ಅತ್ತೆಯ ಕಿವಿಯತ್ತ ಬಾಗಿದೆ. ಅವರು ಕೌದಿ ಮಡಚಿ ಎದ್ದುಬಿಟ್ಟರು.

"ಕಲಬುರ್ಗಿಗೂ ನಾನೇ ಬರ್ಬೇಕೇನು? ನೀನೇ ಹೇಳು. ಮಂದಿ ಏನರ ಅಂದ್ರ, ನಮ್ಮತ್ತಿನೇ ಹೇಳಂದಾಳ ಅನ್ನು" ಎಂದವರೇ ಅಡುಗೆಮನೆಗೆ ನಡೆದರು.

ಎದುರಿಗೆ ಮಾವನ ಬೆನ್ನು ಮಾತ್ರ ಉಳಿಯಿತು.

"ಪೆರಿ ಅಂದ್ರ ಸುತ್ತ. ಕಾರ್ಡಿ ಅಂದ್ರ ಗುಂಡಿಗಿ. ಗುಂಡಿಗಿ ಸುತ್ತ ಬಾವು ಬರೂದ್ರಿ" ಎಂದೆ. ಮೊದಲ ಮಾತು ಬಾಯೊಳಗೇ ಉಳಿಯಿತು, ಕೊನೆಯದು ಅಂಗಳದವರೆಗೂ ಕೇಳಿತು.

ಮಾವ ತಿರುಗಲಿಲ್ಲ. ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡರು.

"ನಿನ್ನ ದನಿ ಹಿಂಗದ ಏನವ್ವ" ಎಂದರು. "ನನ್ನ ಮಗ ಕೇಳಿದ್ದ. ನಾ ಇವತ್ತೇ ಕೇಳಿದ್ದು."