ನನ್ನ ಎಡರೆಪ್ಪೆಯೂ ಥೈಮಸ್ ಎಂಬ ಶಾಲೆಯೂ

ಎಡಗಣ್ಣಿನ ರೆಪ್ಪೆ ಇಳಿಯಲು ಶುರುವಾದಾಗ ನನಗೆ ನಲವತ್ತು ದಾಟಿತ್ತು. ಎಲೆಕ್ಟ್ರಾನಿಕ್ ಸಿಟಿಯ ಹಿಂದಿನ ಹಳ್ಳಿಯಲ್ಲಿ, ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮನೆ ಕಟ್ಟಿಸಿ, ಮೇಲಿನ ಅಂತಸ್ತುಗಳನ್ನು ಬಾಡಿಗೆಗೆ ಕೊಟ್ಟಿದ್ದೆ. ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವುದೇ ನನ್ನ ಉದ್ಯೋಗ. ಅಂಥ ಉದ್ಯೋಗದಲ್ಲಿರುವವನ ಕಣ್ಣು ಮುಚ್ಚಿಕೊಂಡರೆ ಯಾರಿಗೂ ಅನುಮಾನ ಬರುವುದಿಲ್ಲ. ನನಗೂ ಬರಲಿಲ್ಲ.

ಬೆಳಿಗ್ಗೆ ಎರಡೂ ಕಣ್ಣು ಸರಿಯಾಗಿರುತ್ತಿದ್ದವು. ಸಂಜೆ ಹೊತ್ತಿಗೆ ಎಡರೆಪ್ಪೆ ಅಂಗಡಿಯ ಷಟರ್‌ನಂತೆ ಅರ್ಧಕ್ಕೆ ಇಳಿಯುತ್ತಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ಏನೋ ಗಹನವಾಗಿ ಯೋಚಿಸುತ್ತಿರುವವನ ಹಾಗೆ ಕಾಣುತ್ತಿದ್ದೆ. ನಿಜ ಹೇಳಬೇಕೆಂದರೆ ಇಷ್ಟವೇ ಆಯಿತು. ಹೆಂಡತಿ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಈ ಮುಖಕ್ಕೆ ದೃಷ್ಟಿ ಹಾಕುವಷ್ಟು ಪುರುಸೊತ್ತು ಯಾರಿಗಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಆಮೇಲೆ ಸಂಜೆ ಗೇಟಿನೊಳಗೆ ಬರುವ ಒಂದು ಬೈಕು ಎರಡಾಗಿ ಕಾಣತೊಡಗಿತು. ಹೊಸ ಕನ್ನಡಕ ಮಾಡಿಸಿದೆ. ಅದರಲ್ಲಿ ಎರಡೂ ಬೈಕುಗಳು ಸ್ಪಷ್ಟವಾಗಿ ಕಂಡವು.

ಮೇಲಿನ ಮನೆಯಲ್ಲಿ ತುಮಕೂರಿನ ಕಡೆಯ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಹತ್ತಿರದಲ್ಲೇ ಔಷಧಿಗಳ ಸಂಶೋಧನೆ ಮಾಡುವ ಲ್ಯಾಬ್‌ನಲ್ಲಿ ಅವಳಿಗೆ ಕೆಲಸ. ಒಂದು ಸಂಜೆ ಅವಳ ತಾಯಿ ಊರಿನಿಂದ ಬಂದರು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಕಸದ ಗಾಡಿ ಯಾವಾಗ ಎಂದೆಲ್ಲ ಆಕೆಗೆ ವಿವರಿಸುತ್ತಿದ್ದೆ. ರೆಪ್ಪೆ ತನ್ನ ಪಾಡಿಗೆ ಇಳಿಯಿತು, ಕಷ್ಟಪಟ್ಟು ಎತ್ತಿದೆ, ಮತ್ತೆ ಇಳಿಯಿತು. ಆಕೆ ಸರಸರನೆ ಮೆಟ್ಟಿಲು ಹತ್ತಿ ಹೋದರು. ಈ ಓನರ್ ಕಣ್ಣು ಹೊಡೆಯುತ್ತಾನೆ, ಬೇಗ ಬೇರೆ ಮನೆ ನೋಡು ಎಂದು ಮಗಳಿಗೆ ಹೇಳಿದರಂತೆ.

ಮರುದಿನ ಸಂಜೆ ಹುಡುಗಿ ಇಳಿದು ಬಂದಳು. ಜಗಳಕ್ಕೆಂದುಕೊಂಡು ನಾನು ಬಚ್ಚಲುಮನೆ ಸೇರಿಕೊಂಡೆ, ಹೆಂಡತಿ ಹೊರಗೆಳೆದಳು. ಹುಡುಗಿ ಕೇಳಿದ್ದು ಬೇರೆಯದೇ ಪ್ರಶ್ನೆ: ಊಟ ಅಗಿಯುವಾಗ ದವಡೆ ಸೋಲುತ್ತದೆಯೇ? ಎರಡು ಹೊತ್ತೂ ಮುದ್ದೆ ನುಂಗುವವನಿಗೆ ದವಡೆಯ ಸುದ್ದಿ ಎಲ್ಲಿ ಗೊತ್ತಾಗಬೇಕು? ಕಣ್ಣು ಮಿಟುಕಿಸದೆ ಫ್ಯಾನ್ ನೋಡುತ್ತಿರಿ ಎಂದಳು. ಸ್ವಲ್ಪ ಹೊತ್ತಿಗೇ ರೆಪ್ಪೆ ಕುಸಿಯಿತು. ಫ್ರಿಜ್ಜಿನಿಂದ ಐಸ್ ತರಿಸಿ ಬಟ್ಟೆಯಲ್ಲಿ ಸುತ್ತಿ ಕಣ್ಣಿನ ಮೇಲಿಡಿಸಿದಳು. ತೆಗೆದಾಗ ರೆಪ್ಪೆ ಮೇಲಕ್ಕೇರಿತ್ತು. ಹೆಂಡತಿ ಅವಳನ್ನು ಮಂತ್ರವಾದಿಯನ್ನು ನೋಡುವಂತೆ ನೋಡಿದಳು.

"ಅಂಕಲ್, ನಾನು ಡಾಕ್ಟರ್ ಅಲ್ಲ. ಆದ್ರೆ ಇದು ಕಣ್ಣಿನ ಪ್ರಾಬ್ಲಂ ಅಲ್ಲ ಅನ್ಸುತ್ತೆ. ನರದ ಡಾಕ್ಟರ್ ಹತ್ರ ಹೋಗಿ."

ನರರೋಗದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಎದೆಯ ಸ್ಕ್ಯಾನ್ ತೆಗೆಸಿದರು. ರೋಗದ ಹೆಸರು ಮಯಸ್ತೇನಿಯಾ ಎಂದರು. ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ದಪ್ಪವಾಗಿದೆ, ತೆಗೆಯಬೇಕು ಎಂದರು. ಮಿಕ್ಕದ್ದನ್ನು ಇಂಗ್ಲಿಷಿನಲ್ಲಿ ವಿವರಿಸಿದರು. ನಾನು ಎಲ್ಲಕ್ಕೂ ಎಸ್ ಡಾಕ್ಟರ್ ಎಂದು ತಲೆಯಾಡಿಸಿ, ಏನೂ ತಿಳಿಯದೆ ಮನೆಗೆ ಬಂದೆ.

ತಿಳಿಸಿಕೊಟ್ಟವಳು ಮೇಲಿನ ಮನೆಯ ಹುಡುಗಿ. ರೋಗಾಣುಗಳ ಜೊತೆ ಹೋರಾಡುವ ಕೆಲವು ಜೀವಕೋಶಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಕಲಿಯಲು ಥೈಮಸ್‌ಗೆ ಬರುತ್ತವಂತೆ. ಅಲ್ಲಿ ಅವುಗಳಿಗೆ ನಮ್ಮದೇ ಅಂಗಗಳ ಗುರುತುಗಳನ್ನು, ಚರ್ಮದ್ದು, ಯಕೃತ್ತಿನದು, ಸ್ನಾಯುವಿನದು ಹೀಗೆ, ಒಂದೇ ಕಡೆ ತೋರಿಸಲಾಗುತ್ತದೆ. ನಮ್ಮದರ ಮೇಲೆಯೇ ಜೋರಾಗಿ ಎರಗುವಂಥವು ಅಲ್ಲೇ ಸಾಯುತ್ತವೆ. ಅಷ್ಟೇನೂ ಉಗ್ರವಲ್ಲದ ಕೆಲವನ್ನು ಮಿಕ್ಕವನ್ನು ಸಮಾಧಾನಪಡಿಸುವ ಕೆಲಸಕ್ಕೆ ಹಚ್ಚಲಾಗುತ್ತದೆ. ಸುಮ್ಮನೆ ನೋಡಿಕೊಂಡು ಹೋಗುವವು ಮಾತ್ರ ಪಾಸಾಗಿ ಹೊರಬೀಳುತ್ತವೆ. ನನ್ನಲ್ಲಿ ಫೇಲಾಗಬೇಕಾದವೂ ಹೊರಬಿದ್ದಿದ್ದವು. ಅವುಗಳ ಕುಮ್ಮಕ್ಕಿನಿಂದ, ನರದ ಅಪ್ಪಣೆ ಸ್ನಾಯುವಿಗೆ ತಲುಪುವ ಜಾಗದ ಮೇಲೇ ದಾಳಿಯಾಗುತ್ತಿತ್ತು.

"ಅಂದ್ರೆ ನಮ್ಮೋರೇ ನನ್ನ ಮೇಲೆ ಬಿದ್ದವ್ರಾ?" ಎಂದೆ.

"ನಿಮ್ಮೋರೇ ಅಂಕಲ್. ನಿಮ್ಮನ್ನ ಸಹಿಸ್ಕೊಳ್ಳೋದನ್ನ ಕಲೀಲಿಲ್ಲ, ಅಷ್ಟೆ."

ಹೆಂಡತಿ ಕಾಫಿ ಲೋಟ ಕೆಳಗಿಟ್ಟಳು. "ಇವ್ರನ್ನ ಸಯಿಸ್ಕೊಳ್ಳಾಕೆ ಇಸ್ಕೂಲ್ ಬೇರೆ ಐತಾ? ಮದ್ವೆಗೆ ಮುಂಚೆ ನಂಗ್ಯಾರೂ ಯೋಳ್ಲೇ ಇಲ್ವಲ್ಲ."

ವಯಸ್ಸಾದಂತೆ ಈ ಗ್ರಂಥಿ ಕರಗಿ ಕೊಬ್ಬಾಗುತ್ತದೆ, ಮಕ್ಕಳಲ್ಲೇ ದೊಡ್ಡದಾಗಿರುವುದು ಎಂದು ಹುಡುಗಿ ಹೇಳಿದಾಗ ನನಗೆ ಒಳಗೊಳಗೇ ಹೆಮ್ಮೆಯಾಯಿತು. ನನ್ನಲ್ಲಿ ಇನ್ನೂ ಎಳೆತನ ಉಳಿದಿದೆ ಎಂದು ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದೆ. ಶಾಲೆಯನ್ನೇ ಕಿತ್ತುಹಾಕಿದರೆ ಮುಂದೆ ಗತಿಯೇನು ಎಂಬ ದಿಗಿಲೂ ಆಯಿತು. ಮುಖ್ಯ ಪಾಠವೆಲ್ಲ ಚಿಕ್ಕಂದಿನಲ್ಲೇ ಮುಗಿದಿರುತ್ತದೆ, ಅಲ್ಲಿ ಕಲಿತು ಬಂದವು ಇನ್ನೂ ಕೆಲಸ ಮಾಡುತ್ತಿರುತ್ತವೆ ಎಂದು ಅವಳು ಧೈರ್ಯ ಹೇಳಿದಳು. ವಿಷಯ ತಿಳಿದ ಅವಳ ತಾಯಿ ನೊಂದುಕೊಂಡು ಒಂದು ಡಬ್ಬಿ ಚಕ್ಕುಲಿ ಕಳಿಸಿಕೊಟ್ಟರು. ಒಂದನ್ನು ಕಡಿಯುವಷ್ಟರಲ್ಲಿ ದವಡೆ ಸೋತಿತು. ಹುಡುಗಿ ಕೇಳಿದ್ದು ಇದನ್ನೇ ಎಂದು ಆಗ ಅರ್ಥವಾಯಿತು.

ಆಪರೇಷನ್ನಿನ ಹಿಂದಿನ ಸಂಜೆ ಹೆದರಿಕೆ ಹಿಡಿಯಿತು. ನಾನಿಲ್ಲದಿದ್ದರೆ ಹೆಂಡತಿ ಹೇಗೆ ಬಾಳಬೇಕು ಎಂದು ದೀರ್ಘವಾಗಿ ಉಪದೇಶ ಮಾಡಿದೆ. ಈ ರೋಗದಿಂದಾಗಿ ಸಂಜೆಯಾದರೆ ನನ್ನ ದನಿ ಮೂಗಿನಲ್ಲಿ ಹೋಗಿ, ಮಾತು ಯಾರಿಗೂ ತಿಳಿಯದಂತಾಗುತ್ತಿದ್ದ ಕಾಲವದು. ಅವಳು ಎಲ್ಲ ಕೇಳಿಸಿಕೊಂಡು, "ನೀರು ಬೇಕಾ?" ಎಂದಳು. ಆಮೇಲೆ ಬೆಳಗಾಗುವವರೆಗೂ ನನ್ನ ಕೈ ಬಿಡಲಿಲ್ಲ.

ತೆಗೆದದ್ದರ ಫೋಟೋವನ್ನು ಸರ್ಜನ್ ಮೊಬೈಲಿನಲ್ಲಿ ತೋರಿಸಿದರು. ಕೋಳಿ ಅಂಗಡಿಯವನು ಪಕ್ಕಕ್ಕೆಸೆಯುವ ಹಳದಿ ಕೊಬ್ಬಿನ ಹಾಗಿತ್ತು. ರೆಪ್ಪೆ ಕೂಡಲೇ ಏನೂ ಏಳಲಿಲ್ಲ; ವರ್ಷ ಕಳೆದ ಮೇಲೆ ಮಾತ್ರೆಗಳು ಒಂದೊಂದಾಗಿ ಕಡಿಮೆಯಾದವು. ಈಗ ಬಹುತೇಕ ಸಂಜೆ ಎರಡೂ ಕಣ್ಣು ತೆರೆದೇ ಇರುತ್ತವೆ.

ಉಳಿದಿರುವ ಕಾಯಿಲೆ ಇನ್ನೊಂದು. ಬಸ್‌ಸ್ಟಾಪಿನಲ್ಲಿ ಯಾರಾದರೂ ಸಿಕ್ಕರೆ ಶರ್ಟಿನ ಮೇಲಿನ ಗುಂಡಿ ಬಿಚ್ಚಿ, ಎದೆಯ ಗೆರೆ ತೋರಿಸಿ, ಥೈಮಸ್ ಪಾಠ ಶುರುಮಾಡುತ್ತೇನೆ. ಜನ ಬಂದ ಮೊದಲ ಬಸ್ಸನ್ನೇ ಹತ್ತಿಬಿಡುತ್ತಾರೆ. ಮೆಜೆಸ್ಟಿಕ್‌ಗೆ ಹೋಗಬೇಕಾದವರು ವಿರುದ್ಧ ದಿಕ್ಕಿನ ಅತ್ತಿಬೆಲೆ ಬಸ್ಸು ಹತ್ತಿದ್ದನ್ನೂ ನೋಡಿದ್ದೇನೆ.