ಟಿವಿಗೆ ಬಿಟ್ಟ ಗೋಡೆ

ಗೋಕಾಕದಲ್ಲಿ ಮನೆಗಳ ನಕಾಶೆ ತೆಗೆಯುವುದು ನನ್ನ ಕೆಲಸ. ಹೋದ ವರ್ಷ ಮೂಡಲಗಿಯಲ್ಲಿ ಒಬ್ಬ ಬೀಜ-ಗೊಬ್ಬರದ ವ್ಯಾಪಾರಿಗೆ ಮನೆ ಕಟ್ಟಿಸಿಕೊಟ್ಟೆ. ಮುಂದೆಲ್ಲ ಕಪ್ಪು ಗಾಜು, ಹಾಲ್‌ನ ಪೂರ್ವದ ಗೋಡೆ ತುಂಬ ಟಿವಿಯ ಕಪಾಟು. ವಾಸ್ತುಶಾಂತಿಗೆ ಬಂದವರೆಲ್ಲ ಫೋಟೊ ತೆಗೆದುಕೊಂಡು ಹೋದರು. ಆ ಫೋಟೊಗಳಿಂದಲೇ ನನಗೆ ಇನ್ನೂ ಮೂರು ಮನೆಗಳ ಕೆಲಸ ಬಂತು.

ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ಆ ಓಣಿಯಲ್ಲಿ ಹೊರಟಿದ್ದೆ. ವ್ಯಾಪಾರಿಯ ತಾಯಿ ಬಾಜೂಮನೆಯ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ಗಾಡಿ ನಿಲ್ಲಿಸಿದೆ.

"ಯಾಕ್ರಿ ಅವ್ವಾರ, ಇಲ್ಲಿ ಕುಂತೀರಿ?"

"ನಮ್ಮ ಮನ್ಯಾಗ ಹರಳ ಯಾವುದು, ಕಾಳ ಯಾವುದು ಕಾಣಂಗಿಲ್ಲೋ ತಮ್ಮಾ. ಹಗಲೊತ್ತು ಲೈಟ್ ಹಚ್ಚೂದು ನನಗ ಸೇರಂಗಿಲ್ಲ."

ದೂರುವ ದನಿ ಅದಲ್ಲ. ಚಹಾ ಕುಡಿದು ಹೋಗೆಂದರು. ಕುಡಿಯುತ್ತ ಅವರ ಮನೆಯ ಕಪ್ಪು ಗಾಜನ್ನೇ ನೋಡಿದೆ.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಏನೋ ನೆಪ ಮಾಡಿಕೊಂಡು, ನಾನು ಕಟ್ಟಿಸಿದ ಬೇರೆ ಮನೆಗಳಿಗೂ ಹೋಗಿ ಜನ ಎಲ್ಲಿ ಕೂರುತ್ತಾರೆಂದು ನೋಡಿದೆ. ಒಂದು ಕಡೆ ಮೆಟ್ಟಿಲ ಮೇಲೆ, ಇನ್ನೊಂದು ಕಡೆ ಕಾರು ನಿಲ್ಲಿಸುವ ಜಾಗದಲ್ಲಿ. ಹಾಲ್‌ಗಳು ಖಾಲಿ.

ಅದೇ ತಿಂಗಳು ಹುಕ್ಕೇರಿಯಲ್ಲಿ ಒಂದು ಮಣ್ಣಿನ ಮನೆ ಕೆಡವಿ ಹೊಸದು ಕಟ್ಟಲು ಕರೆದಿದ್ದರು. ಅಳತೆ ಹಿಡಿಯುತ್ತ ಪಡಸಾಲೆಗೆ ಬಂದೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಬಿದ್ದಿತ್ತು. ಆ ಮನೆಯ ಸೊಸೆ ಅದರಲ್ಲಿ ಕೂತು ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುತ್ತಿದ್ದಳು. ಬಿಸಿಲು ಸರಿದಂತೆ ಯಂತ್ರವನ್ನೂ ಎಳೆದ ಗೀರುಗಳು ನೆಲದ ಮೇಲಿದ್ದವು. ಯಾರೋ ಮೇಸ್ತ್ರಿ ಇಷ್ಟು ಯೋಚಿಸಿದ್ದ. ಕಾಲೇಜು ಕಲಿತ ನಾನು ಯೋಚಿಸಿರಲಿಲ್ಲ.

ಮರುದಿನವೇ ಮೂಡಲಗಿಗೆ ಹೋದೆ. "ತಪ್ಪು ನಂದೈತ್ರಿ. ಪೂರ್ವದ ಗ್ವಾಡಿ ಒಡದು ಕಿಡಕಿ ಇಡೂಣು," ಎಂದೆ.

"ಹೊಸಾ ಮನಿ ಯಾರರ ಒಡಿತಾರೇನ್ರಿ? ಟಿವಿ ಎಲ್ಲಿ ಇಡೂದು?" ಎಂದ ವ್ಯಾಪಾರಿ.

"ಎಲ್ಲರ ಇಡು. ಅದಕ್ಕೇನು ಬೆಳಕ ಬೇಕಾಗಿಲ್ಲ," ಎಂದರು ಒಳಗಿನಿಂದ ತಾಯಿ.

ಎರಡು ದಿನ ಮನೆ ತುಂಬ ಧೂಳು. ಕಿಟಕಿ ಕೂಡಿಸಿ, ಅದರ ಕೆಳಗೆ ಕೂರಲೊಂದು ಕಟ್ಟೆ ಮಾಡಿಸಿದೆ. ಅವ್ವ ಅದರ ಮೇಲೆ ಕೂತು, ತುಸು ಹಿಂದೆ ಸರಿದು, ಮೊರವನ್ನು ತೊಡೆಯ ಮೇಲಿಟ್ಟುಕೊಂಡರು. "ಈಗ ಕಾಣತೈತಿ," ಎಂದರು. ಸಂಜೆಗೆ ಮಾತ್ರ ಈಗಲೂ ಬಾಜೂಮನೆಗೇ ಹೋಗುತ್ತಾರಂತೆ. ಅಲ್ಲಿ ಮಾತಿಗೆ ಜನ ಸಿಗುತ್ತಾರೆ.

ಮನೆ ಕಟ್ಟಿಸುವವರು ಬಂದರೆ ಈಗ ಮೊದಲು, ಹಗಲು ಮನೆಯಲ್ಲಿ ಯಾರಿರುತ್ತಾರೆ, ಏನು ಮಾಡುತ್ತಾರೆ ಎಂದು ಕೇಳುತ್ತೇನೆ. ಕೆಲವರು ಬೇಸತ್ತು ಬೇರೆಯವರ ಹತ್ತಿರ ಹೋಗುತ್ತಾರೆ. ಹುಕ್ಕೇರಿಯವರು ಇನ್ನೂ ಕಾಯುತ್ತಿದ್ದಾರೆ. ಏಳು ನಕಾಶೆ ಬರೆದೆ; ಸೊಸೆಯ ಯಂತ್ರಕ್ಕೆ ಆ ಬಿಸಿಲು ಒಂದರಲ್ಲೂ ಬೀಳಲಿಲ್ಲ, ಏಳನ್ನೂ ಹರಿದೆ.